ಐದು ದಿನ, ಏಳು ಆಟ: ಸುಳ್ಯದಿಂದ ಮೈಸೂರಿಗೆ

ಗುರುವಾರ

ಮಗಳ ಬ್ಯಾಗಿನಲ್ಲಿ ಎರಡು ಪೆನ್ನು, ಒಂದು ಸ್ವೆಟರ್, ಅಯಸ್ಕಾಂತ ಅಂಟಿಸಿದ ಕಾಯಿಗಳ ಪುಟ್ಟ ಚೆಸ್ ಬೋರ್ಡು, ಮತ್ತೆ ಚೌಕ ಗೆರೆಗಳ ಒಂದು ಗಣಿತ ಪುಸ್ತಕ. ಉಳಿದದ್ದೆಲ್ಲ ನನ್ನ ಬ್ಯಾಗಿನಲ್ಲಿ. ಸುಳ್ಯದಲ್ಲಿ ಬೆಳಿಗ್ಗೆ 8 ಗಂಟೆಗೆ ಮೈಸೂರು ಬಸ್ಸು ಹತ್ತಿದೆವು. ಅಲ್ಲಿ 13 ವರ್ಷದೊಳಗಿನ ಮಕ್ಕಳ ಚೆಸ್ ರೇಟಿಂಗ್ ಪಂದ್ಯಾವಳಿ. ರೇಟಿಂಗ್ ಅಂದರೆ ಆಟಗಾರರ ಬಲ ಅಳೆಯುವ ಅಂಕಿ. ಮೂರು ದಿನ, ಏಳು ಸುತ್ತು. ಅವಳಿಗೆ 11 ವರ್ಷ. ಪುತ್ತೂರು, ಮಂಗಳೂರಿನಲ್ಲಿ ಆಡಿದ್ದಾಳೆ. ಘಟ್ಟ ಹತ್ತಿ ಆಡಲು ಹೊರಟದ್ದು ಇದೇ ಮೊದಲು.

ಸೆಪ್ಟೆಂಬರ್ ಮೊದಲ ವಾರ. ಮಳೆ ಇನ್ನೂ ಬಿಟ್ಟಿರಲಿಲ್ಲ. ಅರಂತೋಡು ದಾಟುವಾಗ ರಸ್ತೆ ಪಕ್ಕದ ಪಯಸ್ವಿನಿ ಕೆಂಪು ನೀರು ತುಂಬಿಕೊಂಡು ಹರಿಯುತ್ತಿತ್ತು. ಮಗಳಿಗೆ ಘಾಟಿಯಲ್ಲಿ ವಾಂತಿ ಬರುತ್ತದೆ. ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ಮುಂದುಗಡೆ ಕಿಟಕಿ ಪಕ್ಕ ಕೂರಿಸಿದ್ದೆ. ಕೈಗೆ ಒಂದು ನಿಂಬೆಹಣ್ಣು ಕೊಟ್ಟಿದ್ದೆ. ಬೆಳಿಗ್ಗೆ ಹಾಲು ಕೊಟ್ಟಿರಲಿಲ್ಲ, ಎರಡು ಇಡ್ಲಿ ಮಾತ್ರ. ಈ ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆಲ್ಲ ನಾನು ಇಷ್ಟನ್ನು ಹೇಳಿಯೇ ಹೇಳುತ್ತೇನೆ.

ಸಂಪಾಜೆ ಗೇಟು ಬಂದಾಗ ಅವಳು ನನ್ನ ಕೈ ಎಳೆದಳು.

"ಅಮ್ಮ, ಮಾಷ್ಟ್ರ ಗೇಟು!"

ಅವಳಿಗೆ ಚೆಸ್ ಕಲಿಸುವವರು ನಮ್ಮೂರಿನ ನಿವೃತ್ತ ಗಣಿತ ಮಾಷ್ಟ್ರು. ಭಾನುವಾರ ಅವರ ಮನೆಯ ಜಗಲಿಯಲ್ಲಿ ಏಳೆಂಟು ಮಕ್ಕಳು ಸೇರುತ್ತಾರೆ. ಮಕ್ಕಳು ರೂಕ್, ಬಿಷಪ್, ಪಾನ್ ಅನ್ನುತ್ತಾರೆ. ಮಾಷ್ಟ್ರು ಆನೆ, ಒಂಟೆ, ಕಾಲಾಳು ಅನ್ನುತ್ತಾರೆ. ಆಟದ ಕೊನೆಗೆ ಎದುರಾಳಿಯ ಹತ್ತಿರ ರಾಜ, ಆನೆ, ಒಂದು ಕಾಲಾಳು ಉಳಿದು, ನಮ್ಮ ಹತ್ತಿರ ರಾಜ ಮತ್ತು ಆನೆ ಮಾತ್ರ ಉಳಿದರೆ ಏನು ಮಾಡಬೇಕು? 18ನೇ ಶತಮಾನದಲ್ಲಿ ಫ್ರಾನ್ಸಿನ ಫಿಲಿಡೋರ್ ಎಂಬ ಆಟಗಾರ ಇದಕ್ಕೊಂದು ಉಪಾಯ ತೋರಿಸಿಕೊಟ್ಟ. ಅವನು ಸಂಗೀತಗಾರನೂ ಆಗಿದ್ದ. ನಮ್ಮ ರಾಜ ಕಾಲಾಳಿನ ದಾರಿಗೆ ಅಡ್ಡ ನಿಲ್ಲಬೇಕು. ನಮ್ಮ ಆನೆ ನಮ್ಮ ಕಡೆಯಿಂದ ಎಣಿಸಿದರೆ ಮೂರನೇ ಸಾಲಿನಲ್ಲಿ ಕಾವಲು ನಿಲ್ಲಬೇಕು. ಆಗ ಎದುರಾಳಿಯ ರಾಜ ಆ ಸಾಲು ದಾಟಿ ಬರಲಾರ. ಅವನು ಬೇಸತ್ತು ಕಾಲಾಳನ್ನೇ ಆ ಸಾಲಿಗೆ ನೂಕಿದ ಕೂಡಲೇ ನಮ್ಮ ಆನೆ ಬೋರ್ಡಿನ ಆಚೆ ತುದಿಗೆ ಓಡಬೇಕು. ಅಲ್ಲಿಂದ, ಹಿಂದಿನಿಂದ ಚೆಕ್ ಕೊಡುತ್ತಾ, ಅಂದರೆ ರಾಜನ ಮೇಲೆ ದಾಳಿ ಮಾಡುತ್ತಾ ಇರಬೇಕು. ರಾಜನಿಗೆ ಅಡಗಲು ಜಾಗವೇ ಇರುವುದಿಲ್ಲ. ಆಟ ಡ್ರಾ.

ಮಕ್ಕಳಿಗೆ ಫಿಲಿಡೋರ್ ಹೆಸರು ನೆನಪಿರುವುದಿಲ್ಲ ಅಂತ ಮಾಷ್ಟ್ರು ಮೂರನೇ ಸಾಲಿಗೆ 'ಸಂಪಾಜೆ ಗೇಟು' ಅಂತ ಹೆಸರಿಟ್ಟಿದ್ದಾರೆ. ನಮ್ಮ ಜಿಲ್ಲೆ ಮುಗಿದು ಕೊಡಗು ಶುರುವಾಗುವ ಜಾಗ. "ಗೇಟು ಹಾಕಿ ಕೂತ್ಕೊಳ್ಳಿ ಮಕ್ಕಳೇ. ಅವನಿಗೆ ಅರ್ಜೆಂಟ್ ಉಂಟು, ನಮಗೆ ಇಲ್ಲ" ಅನ್ನುತ್ತಾರೆ.

ಘಾಟಿ ಹತ್ತಿದ ಮೇಲೆ ಮಂಜು ಮುಸುಕಿತು. ಜೋಡುಪಾಲದ ಹತ್ತಿರ ಬಸ್ಸಿನ ಮಾತೆಲ್ಲ ತಾನಾಗಿ ಕಡಿಮೆಯಾಯಿತು. 2018ರ ಆಗಸ್ಟಿನಲ್ಲಿ ಇಲ್ಲಿ, ಮದೆನಾಡಿನ ಸುತ್ತ ಗುಡ್ಡ ಕುಸಿದು ಜೀವಗಳು ಹೋದವು. ಈ ರಸ್ತೆಯೇ ಮುಚ್ಚಿತ್ತು. ಆಗ ಮಗಳು ತುಂಬಾ ಚಿಕ್ಕವಳು. ನನಗೆ ಇವತ್ತಿಗೂ ಈ ತಿರುವುಗಳಲ್ಲಿ ಮಳೆ ಜೋರಾದರೆ ಕಣ್ಣು ಗುಡ್ಡದ ಕಡೆಗೇ ಹೋಗುತ್ತದೆ.

ಮದೆನಾಡಿಗಿಂತ ಸ್ವಲ್ಪ ಮೊದಲು ಬಸ್ಸು ನಿಂತಿತು. ಮುಂದೆ ಮರ ಬಿದ್ದಿತ್ತು. ಒಂದೂವರೆ ಗಂಟೆ ಅಲ್ಲೇ. ಊರಿನವರೇ ಕತ್ತಿ, ಗರಗಸ ತಂದು ಕೊಂಬೆ ಕಡಿಯತೊಡಗಿದರು. ರಸ್ತೆ ಬದಿಯ ಗೂಡಂಗಡಿಯ ಅಕ್ಕ ಎಲ್ಲರಿಗೂ ಕರಿಮೆಣಸು ಹಾಕಿದ ಬಿಸಿ ಕಾಫಿ ಮಾಡಿಕೊಟ್ಟರು. ಮಗಳು ಬೋರ್ಡು ತೆಗೆದು ಸೀಟಿನ ಮೇಲಿಟ್ಟಳು. ಕಂಡಕ್ಟರ್ ಬಗ್ಗಿ ನೋಡಿದರು.

"ನಾವು ಚಿಕ್ಕವರಿದ್ದಾಗ ಹುಲಿ-ಆಡು ಆಡ್ತಿದ್ವಿ. ನೆಲದಲ್ಲಿ ಇದ್ದಿಲಿನಿಂದ ಗೆರೆ ಎಳೆದು. ಆಡುಗಳೆಲ್ಲ ಸೇರಿ ಹುಲಿಯನ್ನು ಕಟ್ಟಿ ಹಾಕ್ಬೇಕು."

"ಇದ್ರಲ್ಲೂ ಹಾಗೇ, ಮಾಮ. ಕಾಲಾಳುಗಳೆಲ್ಲ ಸೇರಿದ್ರೆ ಮಂತ್ರಿಯನ್ನೂ ಹಿಡೀಬಹುದು" ಅಂದಳು ಮಗಳು. ಮರ ಸರಿಯುವವರೆಗೂ ಕಂಡಕ್ಟರಿಗೆ ಕುದುರೆಯ ನಡೆ ಹೇಳಿಕೊಟ್ಟಳು. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಅವರು ಟಿಕೆಟ್ ಮೆಷಿನ್ ಕಂಕುಳಲ್ಲಿ ಹಿಡಿದುಕೊಂಡೇ ಕಲಿತರು.

ಕುಶಾಲನಗರ ದಾಟಿ, ಕಾವೇರಿ ಸೇತುವೆ ದಾಟಿದ ಮೇಲೆ ಮಳೆ ಇಲ್ಲವೇ ಇಲ್ಲ. ಬೈಲಕುಪ್ಪೆಯಲ್ಲಿ ಬಣ್ಣದ ಪ್ರಾರ್ಥನಾ ಬಾವುಟಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಪಿರಿಯಾಪಟ್ಟಣದಿಂದ ಹುಣಸೂರಿನವರೆಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಖಾರ ವಾಸನೆ. ಸುಮಾರು 170 ಕಿ.ಮೀ. ದಾರಿ. ಐದು ಗಂಟೆಯಲ್ಲಿ ಮುಗಿಯಬೇಕಾದದ್ದು ಏಳು ಗಂಟೆ ಹಿಡಿಯಿತು. ಹಿಂದಿನ ದಿನವೇ ಹೊರಟದ್ದು ಒಳ್ಳೆಯದಾಯಿತು. ಮಳೆಗಾಲದಲ್ಲಿ ಆಟದ ದಿನವೇ ಘಾಟಿ ಹತ್ತುವ ಧೈರ್ಯ ಮಾಡಲೇಬಾರದು.

ಮೈಸೂರಿನ ಆಟೋದವರು ಕೇಳಿದರು, "ಅರಮನೆ ನೋಡಕ್ಕಾ ಮೇಡಂ?"

"ಇಲ್ಲ, ಚೆಸ್ ಆಡ್ಲಿಕ್ಕೆ."

"ಓ! ನಮ್ಮೂರಿನ ತೇಜ್‌ಕುಮಾರ್ ಗೊತ್ತಾ ಮಗೂಗೆ?"

ಮಗಳಿಗೆ ಗೊತ್ತಿತ್ತು. ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು. ಆಟೋದವರು ಖುಷಿಯಲ್ಲಿ ಹತ್ತು ರೂಪಾಯಿ ಕಡಿಮೆ ತೆಗೆದುಕೊಂಡರು.

ಶುಕ್ರವಾರ

ಆಟದ ಹಾಲಿಗೆ ನಡೆದು ಹೋಗುವಷ್ಟು ಹತ್ತಿರ ಲಾಡ್ಜ್ ಹಿಡಿದಿದ್ದೆವು. ಎರಡು ಸುತ್ತುಗಳ ನಡುವೆ ಮಗು ಅರ್ಧ ಗಂಟೆ ಕಾಲು ಚಾಚಿ ಮಲಗಬಹುದು. ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಒಳಗೆ ಉದ್ದುದ್ದ ಮೇಜುಗಳು. ಒಂದೊಂದು ಬೋರ್ಡಿನ ಪಕ್ಕ ಒಂದೊಂದು ಗಡಿಯಾರ. ಪ್ರತಿಯೊಬ್ಬರಿಗೂ 60 ನಿಮಿಷ, ಒಂದೊಂದು ನಡೆಗೂ 30 ಸೆಕೆಂಡ್ ಜಾಸ್ತಿ. ಮೊದಲ ಕೆಲವು ನಿಮಿಷ ಅಪ್ಪ ಅಮ್ಮಂದಿರು ಫೋಟೋ ತೆಗೆಯಬಹುದು. ಆಮೇಲೆ ಎಲ್ಲರೂ ಹೊರಗೆ. ಮೊಬೈಲು ನಮ್ಮ ಹತ್ತಿರ. ಬಾಗಿಲು ಮುಚ್ಚಿತು.

ಬಾಗಿಲಿನಲ್ಲಿ ಒಂದು ಗೇಣಗಲದ ಗಾಜು. ಅದರಲ್ಲಿ ನನಗೆ ಕಂಡದ್ದು ಮಗಳ ಬೆನ್ನು, ಕುರ್ಚಿಯಿಂದ ಕೆಳಗೆ ನೇತಾಡುವ ಎರಡು ಕಾಲು. ಕುರ್ಚಿ ದೊಡ್ಡವರದ್ದು. ಅವಳ ಕಾಲು ನೆಲಕ್ಕೆ ಎಟಕುವುದಿಲ್ಲ. ಆಟ ಹಗುರವಾಗಿ ಸಾಗುತ್ತಿದ್ದರೆ ಅವಳು ಕಾಲಾಡಿಸುತ್ತಾಳೆ. ಕಷ್ಟ ಬಂದರೆ ಕಾಲು ನಿಲ್ಲುತ್ತದೆ. ಬೋರ್ಡು ಕಾಣದ ನನಗೆ ಇದೊಂದೇ ಸುದ್ದಿ.

ಮೊದಲ ಸುತ್ತಿನಲ್ಲಿ ಅವಳಿಗಿಂತ ಎಷ್ಟೋ ಬಲವಾದ ಹುಡುಗ ಸಿಕ್ಕಿದ. ಸೋತಳು. ಈ ಪಂದ್ಯಾವಳಿಗಳು ಸ್ವಿಸ್ ಪದ್ಧತಿಯವು. ಸೋತರೆ ಮನೆಗೆ ಕಳಿಸುವುದಿಲ್ಲ. ಅಷ್ಟೇ ಅಂಕ ಇರುವವರ ಜೊತೆ ಮುಂದಿನ ಸುತ್ತಿನಲ್ಲಿ ಜೋಡಿ ಹಾಕುತ್ತಾರೆ. ಹಾಗಾಗಿ ಮಕ್ಕಳಿಗೆ ಎಲ್ಲ ಏಳು ಆಟವೂ ಸಿಗುತ್ತದೆ. ನನಗೆ ಈ ಪದ್ಧತಿ ತುಂಬಾ ಇಷ್ಟ. ಎರಡನೇ ಸುತ್ತಿನಲ್ಲಿ ಗೆದ್ದಳು. ಸಂಜೆ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಅನ್ನ, ತಿಳಿಸಾರು. ಒಂಬತ್ತಕ್ಕೆ ನಿದ್ದೆ.

ಶನಿವಾರ

ಒಂದೇ ದಿನ ಮೂರು ಸುತ್ತು. ದೊಡ್ಡವರಿಗೂ ಕಷ್ಟ.

ಮೂರನೇ ಸುತ್ತು ಬೇಗ ಗೆದ್ದು ಬಂದಳು. ನಾಲ್ಕನೆಯದರಲ್ಲಿ ಎಡವಿದಳು. ಕುದುರೆಯಿಂದ ಹೊಡೆಯಬೇಕು ಅಂದುಕೊಂಡು ಒಂಟೆಯನ್ನು ಮುಟ್ಟಿಬಿಟ್ಟಿದ್ದಳು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅದು ನಿಯಮ. ಕಾಯಿ ಸರಿಯಾಗಿ ಇಡುವುದಿದ್ದರೆ ಮುಟ್ಟುವ ಮೊದಲೇ 'ಅಡ್ಜಸ್ಟ್' ಅನ್ನಬೇಕು. ಎದುರಿನ ಹುಡುಗಿ "ಟಚ್" ಅಂದಳಂತೆ. ಇವಳು ಒಂಟೆಯನ್ನೇ ನಡೆಸಿದಳು. ಮಂತ್ರಿ ಹೋಯಿತು.

ಹೊರಗೆ ಬಂದು ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತಳು. ನಾನು ಏನೂ ಹೇಳಲಿಲ್ಲ. ಪಕ್ಕದಲ್ಲೇ ಒಬ್ಬ ತಂದೆ ತನ್ನ ಮಗನನ್ನು ಎಲ್ಲರ ಎದುರು ನಿಲ್ಲಿಸಿ ಬೈಯುತ್ತಿದ್ದರು. "ಇಷ್ಟು ಸುಲಭದ ನಡೆ ಕಾಣಲಿಲ್ವಾ ನಿಂಗೆ?" ಆ ಹುಡುಗ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. ನನಗೆ ಇದನ್ನು ಕಂಡರೆ ಸಹಿಸಲಾಗುವುದಿಲ್ಲ. ಎರಡು ಗಂಟೆ ಒಬ್ಬನೇ ಕೂತು ಯೋಚಿಸಿದ ಮಗು ಅದು. ಸೋಲಿನ ನೋವು ಅವನಿಗೆ ನಮಗಿಂತ ಮೊದಲೇ ಗೊತ್ತಾಗಿರುತ್ತದೆ.

ಆಗ ಹಿಂದಿನ ಕಲ್ಲುಬೆಂಚಿನಿಂದ ಒಂದು ದನಿ ಬಂತು. "ತಂಗಿ, ಕೂಸಿನ್ನ ಇಲ್ಲಿ ಕರಕೊಂಡ ಬಾ. ಹೊಟ್ಟಿ ಹಸದಿರ್ತದ, ಅದಕ್ಕ ಅಳು ಜಾಸ್ತಿ."

ಇಳಕಲ್ ಸೀರೆ ಉಟ್ಟ ಅಜ್ಜಿ. ಗದಗದಿಂದ ಮೊಮ್ಮಗನನ್ನು ಕರೆದುಕೊಂಡು ರಾತ್ರಿಯಿಡೀ ರೈಲಿನಲ್ಲಿ ಬಂದಿದ್ದರು. ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮಗಳು ರೊಟ್ಟಿ ಮುರಿದ ಸದ್ದಿಗೇ ಅಳು ನಿಲ್ಲಿಸಿದಳು. ನಮ್ಮ ಕಡೆ ರೊಟ್ಟಿ ಅಂದರೆ ಅಕ್ಕಿಯದ್ದು, ಮೆತ್ತಗಿರುತ್ತದೆ. ಇದು ಹಪ್ಪಳದ ಹಾಗೆ ಕಟಕಟ ಅನ್ನುತ್ತಿತ್ತು. ಅವಳಿಗೆ ಅದೇ ಒಂದು ಸೋಜಿಗ.

"ನಿಮಗೆ ಚೆಸ್ ಬರ್ತದಾ ಅಜ್ಜಿ?" ಅಂತ ಕೇಳಿದೆ.

"ಏನೂ ತಿಳೀದಿಲ್ಲ ಯವ್ವಾ. ಅವರಪ್ಪ ಅವ್ವ ಇಬ್ಬರೂ ನೌಕರಿಗೆ ಹೋಗ್ತಾರ. ಎಲ್ಲಿ ಆಟ ಇದ್ರೂ ನಾನ ಬರೂದು. ಬಾಗಲದಿಂದ ಹೊರಗ ಬರೂವಾಗ ಅವನ ಮುಖ ನೋಡಿದ್ರ ಸಾಕು, ಗೆದ್ದಾನೋ ಸೋತಾನೋ ಗೊತ್ತಾಗ್ತದ. ಗೆದ್ರೂ ರೊಟ್ಟಿ, ಸೋತ್ರೂ ರೊಟ್ಟಿ."

ಐದನೇ ಸುತ್ತಿಗೆ ಮಗಳು ಕೈ ತೊಳೆದು, ಒರೆಸಿಕೊಂಡು ಒಳಗೆ ಹೋದಳು. ಸಂಜೆ ಏಳಕ್ಕೆ ಗೆದ್ದು ಬಂದಳು. ಐದರಲ್ಲಿ ಮೂರು.

ಭಾನುವಾರ

ಬೆಳಗಿನ ಆರನೇ ಸುತ್ತನ್ನೂ ಗೆದ್ದಳು. ಮಧ್ಯಾಹ್ನ ಒಂದೂವರೆಗೆ ಕೊನೆಯ ಸುತ್ತಿನ ಜೋಡಿ ಪಟ್ಟಿ ಫೋನಿಗೆ ಬಂತು. ಮಗಳು ಹೆಸರು ಓದಿ, ತಲೆಯೆತ್ತಿ ಬೆಂಚಿನ ಕಡೆ ನೋಡಿದಳು. ಅಜ್ಜಿಯ ಮೊಮ್ಮಗ! ಅವನಿಗೂ ಆರರಲ್ಲಿ ನಾಲ್ಕು. ಅವನ ರೇಟಿಂಗ್ 1590, ಇವಳದ್ದು 1450. ಅವನಿಗೆ ಬಿಳಿ.

ಅಜ್ಜಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಇವತ್ತ ಇಬ್ಬರೂ ಇದ ಬೆಂಚಿನ ಮ್ಯಾಲ ಕೂಡೂಣು" ಅಂದರು.

ಎರಡು ಗಂಟೆಗೆ ಆಟ ಶುರು. ಮಕ್ಕಳು ಕೈ ಕುಲುಕಿದ್ದನ್ನು ನೋಡಿ ಹೊರಗೆ ಬಂದೆವು. ಅಜ್ಜಿ ಸೆರಗಿನಲ್ಲಿ ಶೇಂಗಾ ಹಾಕಿಕೊಂಡು ಸುಲಿಯತೊಡಗಿದರು. ನಾನೂ ಸುಲಿದೆ. ಮೂರು ಗಂಟೆಯ ಹೊತ್ತಿಗೆ ಆಟದ ಹಾಲ್ ಅರ್ಧ ಖಾಲಿ. ನಾಲ್ಕಕ್ಕೆ ಒಳಗೆ ನಾಲ್ಕೈದು ಬೋರ್ಡು ಮಾತ್ರ ಉಳಿದಿದ್ದವು. ಗಾಜಿನ ಹತ್ತಿರ ಹೋಗಿ ನೋಡಿದೆ. ಮಗಳ ಕಾಲು ಆಡುತ್ತಿರಲಿಲ್ಲ.

ಒಳಗೆ ನಡೆದದ್ದನ್ನು ಅವಳ ನಡೆ ಬರೆದ ಹಾಳೆ ನೋಡಿ, ಇಬ್ಬರೂ ಹೇಳಿದ್ದನ್ನು ಕೇಳಿ ಆಮೇಲೆ ತಿಳಿದುಕೊಂಡೆ. ಶುರುವಿನಲ್ಲಿ ಇಬ್ಬರೂ ಕುದುರೆ, ಒಂಟೆಗಳನ್ನು ಹೊರಗೆ ತಂದು ಇಟಾಲಿಯನ್ ಆರಂಭ ಆಡಿದರು. 23ನೇ ನಡೆಯಲ್ಲಿ ಇವಳ ಕುದುರೆ ಕಟ್ಟಿಹಾಕಿಸಿಕೊಂಡಿತು. ಕುದುರೆ ಸರಿದರೆ ಹಿಂದಿರುವ ಮಂತ್ರಿ ಹೋಗುತ್ತದೆ. ಕುದುರೆಯನ್ನು ಉಳಿಸಿಕೊಳ್ಳಲು ಒಂದು ಕಾಲಾಳು ಬಿಟ್ಟುಕೊಟ್ಟಳು. ಅಲ್ಲಿಂದ ಮುಂದೆ ಇವಳದ್ದು ಬರೀ ತಡೆಯುವ ಆಟ. 41ನೇ ನಡೆಗೆ ಮಂತ್ರಿಗಳು ಹೋದವು. 58ನೇ ನಡೆಗೆ ಬೋರ್ಡಿನಲ್ಲಿ ಉಳಿದದ್ದು ಐದೇ ಕಾಯಿ. ಅವನ ರಾಜ, ಆನೆ, ಒಂದು ಕಾಲಾಳು. ಇವಳ ರಾಜ, ಆನೆ.

59ನೇ ನಡೆಯಲ್ಲಿ ಇವಳು ಆನೆಯನ್ನು ಮೂರನೇ ಸಾಲಿಗೆ ತಂದು ನಿಲ್ಲಿಸಿದ್ದಾಳೆ.

ಹುಡುಗ ಬಿಡಲಿಲ್ಲ. ಅವನ ಆನೆ ಎಡಕ್ಕೆ, ಬಲಕ್ಕೆ, ಚೆಕ್ ಕೊಟ್ಟು ಮತ್ತೆ ಹಿಂದಕ್ಕೆ. ಇವಳು ದಾರಿ ತಪ್ಪಲಿ ಅಂತ ಕಾದ. ಇವಳ ಗಡಿಯಾರದಲ್ಲಿ ಒಂದು ನಿಮಿಷವೂ ಇರಲಿಲ್ಲ. ನಡೆಗೆ ಸಿಗುವ 30 ಸೆಕೆಂಡಿನಲ್ಲೇ ಯೋಚಿಸಬೇಕು, ನಡೆಸಬೇಕು, ಬರೆಯಬೇಕು. 30 ಸೆಕೆಂಡ್ ಕೂಡುವ ಆಟದಲ್ಲಿ ಕೊನೆಯವರೆಗೂ ಬರೆಯುವುದನ್ನು ಬಿಡುವ ಹಾಗಿಲ್ಲ. ಹಾಳೆಯಲ್ಲಿ 60ರ ನಂತರದ ಅಕ್ಷರಗಳು ಇರುವೆ ಸಾಲಿನ ಹಾಗೆ ವಾಲಿವೆ.

74ನೇ ನಡೆಯಲ್ಲಿ ಅವಳು ಗಡಿಯಾರ ನಿಲ್ಲಿಸಿ ಕೈಯೆತ್ತಿದಳು. ಇದನ್ನು ನಾನು ಗಾಜಿನಲ್ಲಿ ಕಂಡೆ. ನನ್ನ ಎದೆ ಧಸಕ್ ಅಂದಿತು. ಆಟದ ತೀರ್ಪುಗಾರರು, ಅಂದರೆ ಆರ್ಬಿಟರ್, ಬಂದು ಬಗ್ಗಿ ಕೇಳಿದರು. ಆಮೇಲೆ ಇನ್ನೊಂದು ಬೋರ್ಡು ತಂದು, ಹಾಳೆ ನೋಡುತ್ತಾ ಆಟವನ್ನು ಮತ್ತೆ ಜೋಡಿಸತೊಡಗಿದರು.

"ಏನಾತು ತಂಗಿ?"

"ಡ್ರಾ ಕೇಳಿದ್ದಾಳೆ ಅಜ್ಜಿ. ಕಾಯಿಗಳೆಲ್ಲ ಇದ್ದ ಹಾಗೇ ಮೂರು ಸಲ ಬಂದ್ರೆ ಕೇಳ್ಬಹುದು."

"ಬಂದಾವೇನು?"

ಬಂದಿರಲಿಲ್ಲ. ಎರಡೇ ಸಲ ಬಂದಿತ್ತು. ಇನ್ನೊಂದು ಸಲ ಅವಳ ರಾಜ ಪಕ್ಕದ ಮನೆಯಲ್ಲಿದ್ದ. ತಪ್ಪಾಗಿ ಕೇಳಿದರೆ ಎದುರಾಳಿಗೆ ಎರಡು ನಿಮಿಷ ಜಾಸ್ತಿ ಕೊಡುತ್ತಾರೆ. ಕೇಳುವ ಮೊದಲು ಬರೆದಿಟ್ಟ ನಡೆಯನ್ನೇ ನಡೆಸಬೇಕು. ಆರ್ಬಿಟರ್ ಅವಳಿಗೆ ಮೆಲ್ಲಗೆ ವಿವರಿಸುವುದು ಕಾಣುತ್ತಿತ್ತು. ಅವಳು ತಲೆಯಾಡಿಸಿದಳು. ಬರೆದಿದ್ದ ನಡೆ ಆನೆಯದ್ದು, ಅದೇ ಸಾಲಿನೊಳಗೆ. ಗೇಟು ಬಿಟ್ಟಿರಲಿಲ್ಲ.

ಹೊರಗಿದ್ದ ನನಗೆ ಇದೊಂದೂ ಗೊತ್ತಿರಲಿಲ್ಲ. ಆಟ ಮುಂದುವರಿದದ್ದಷ್ಟೇ ಕಂಡಿತು. ಅಂದರೆ ಡ್ರಾ ಸಿಗಲಿಲ್ಲ. ಈಗ ಅಳುತ್ತಾಳೆ, ಈಗ ತಪ್ಪುತ್ತಾಳೆ ಅಂದುಕೊಂಡೆ. ಅಜ್ಜಿ ಸುಲಿಯುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು. ಅವರ ಕೈಯೂ ಬೆವರಿತ್ತು. ಒಬ್ಬರ ಮಗು ಗೆಲ್ಲಬೇಕೆಂದರೆ ಇನ್ನೊಬ್ಬರದ್ದು ಸೋಲಬೇಕು. ಅದು ಇಬ್ಬರಿಗೂ ಗೊತ್ತಿತ್ತು. ಕೈ ಮಾತ್ರ ಬಿಡಲಿಲ್ಲ.

81ನೇ ನಡೆಯಲ್ಲಿ ಹುಡುಗ ಕಾಲಾಳನ್ನು ಮುಂದೆ ನೂಕಿದ. ಅದೇ ಕ್ಷಣ ಮಗಳ ಕಾಲು ಆಡತೊಡಗಿತು. ಮೊದಲು ಒಂದು ಕಾಲು, ಆಮೇಲೆ ಎರಡೂ. ಕೈ ಚಾಚಿ ಆನೆಯನ್ನು ಬೋರ್ಡಿನ ಆಚೆ ತುದಿಗೆ ಕೊಂಡೊಯ್ದಳು. ಚೆಕ್. ರಾಜ ಸರಿದ. ಚೆಕ್. ಮತ್ತೆ ಸರಿದ. ಚೆಕ್. 88ನೇ ನಡೆಯ ಹೊತ್ತಿಗೆ ಹುಡುಗ ಬೋರ್ಡನ್ನೇ ನೋಡುತ್ತಾ ತುಂಬಾ ಹೊತ್ತು ಕೂತ. ಆಮೇಲೆ ಕೈ ಮುಂದೆ ಚಾಚಿದ. ಆಗ ಸಂಜೆ 5.20.

ಇಬ್ಬರೂ ಒಟ್ಟಿಗೆ ಹೊರಗೆ ಬಂದರು. ಹುಡುಗನ ಕಣ್ಣು ಕೆಂಪಾಗಿತ್ತು. ಅಜ್ಜಿ ಅವನ ಮುಖ ನೋಡಿದರು. ಈ ಸಲ ಅವರಿಗೂ ಏನೂ ತಿಳಿಯಲಿಲ್ಲ. "ಏನಪಾ, ಗೆದ್ದೋ ಸೋತೋ?" ಅಂದರು.

"ಎರಡೂ ಇಲ್ಲ, ಅಜ್ಜಿ."

ಅವನು ಬೆಂಚಿನ ತುದಿಯಲ್ಲಿ ಬೆನ್ನು ತಿರುಗಿಸಿ ಕೂತ. ಗೆಲ್ಲುವ ಆಟ ಕೈಯಿಂದ ಜಾರಿತ್ತಲ್ಲ. ಯಾರೂ ಅವನನ್ನು ಮಾತನಾಡಿಸಲಿಲ್ಲ. ಹತ್ತು ನಿಮಿಷ ಆಗಿರಬೇಕು. ಮಗಳು ಅಯಸ್ಕಾಂತದ ಬೋರ್ಡು ತೆಗೆದು ಆ ಐದು ಕಾಯಿಗಳನ್ನು ಜೋಡಿಸಿ ಅವನ ಪಕ್ಕ ಇಟ್ಟಳು. ಅವನು ಓರೆಗಣ್ಣಿನಿಂದ ನೋಡಿದ. ಆಮೇಲೆ ತಿರುಗಿ ಕೂತ.

"ಇದನ್ನ ಯಾರು ಕಲಿಸ್ಯಾರ ನಿನಗ?"

"ನಮ್ಮ ಮಾಷ್ಟ್ರು. ಇದು ಸಂಪಾಜೆ ಗೇಟು."

"ಏನು ಗೇಟು?"

ಅವಳು ಹೇಳಿದಳು. ಅವನು ರಾಜನನ್ನು ಬೇರೆ ಮನೆಗೆ ಇಟ್ಟ, ಆನೆಯನ್ನು ಬದಲಿಸಿದ, ಕಾಲಾಳನ್ನು ಹಿಂದಕ್ಕೆ ತಂದ. ಗೇಟು ತೆರೆಯುವ ದಾರಿ ಹುಡುಕಿದ. ಸಿಗಲಿಲ್ಲ. 23ನೇ ನಡೆಗೆ ಹೋದರು. ಅಲ್ಲಿ ಅವನು ಇವಳಿಗೆ ತೋರಿಸಿಕೊಟ್ಟ, ಕಾಲಾಳು ಕೊಡದೆಯೇ ಕುದುರೆಯನ್ನು ಬಿಡಿಸಿಕೊಳ್ಳಬಹುದಿತ್ತು. ಇವಳು ಹಣೆ ಚಚ್ಚಿಕೊಂಡಳು. ಇಬ್ಬರೂ ನಕ್ಕರು. ಅಜ್ಜಿ ಡಬ್ಬಿಯಿಂದ ಶೇಂಗಾ ಉಂಡಿ ತೆಗೆದು ಇಬ್ಬರ ಕೈಗೂ ಇಟ್ಟರು.

ಮಗಳಿಗೆ ಏಳರಲ್ಲಿ ನಾಲ್ಕೂವರೆ. ಬಹುಮಾನದ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಆ ಡ್ರಾದಿಂದ ಅವಳ ರೇಟಿಂಗಿಗೆ 7.6 ಸೇರುತ್ತದೆ ಅಂತ ಹುಡುಗನೇ ಬೆರಳಲ್ಲಿ ಲೆಕ್ಕ ಹಾಕಿ ಹೇಳಿದ. ಅವನದ್ದರಲ್ಲಿ ಅಷ್ಟೇ ಕಡಿಮೆಯಾಗುತ್ತದೆ ಅನ್ನುವುದನ್ನೂ ಅವನೇ ಹೇಳಿದ.

ಭಾನುವಾರ ಸಂಜೆ 7ಕ್ಕೆ ಮೈಸೂರು ಅರಮನೆಗೆ ದೀಪ ಹಾಕುತ್ತಾರೆ. ನಾಲ್ವರೂ ಹೋದೆವು. ಬಲರಾಮ ದ್ವಾರದ ಕಡೆ ಜನ ಜಾಸ್ತಿ. ಹಾಗಾಗಿ ಮಕ್ಕಳ ಕೈ ಹಿಡಿದು ಅರ್ಧ ಗಂಟೆ ಮೊದಲೇ ಹೋಗಿ ನಿಂತಿದ್ದೆವು. ಮೊದಲು ಕತ್ತಲೆ. ಆಮೇಲೆ ಒಂದೇ ಸಲಕ್ಕೆ ಸುಮಾರು ಒಂದು ಲಕ್ಷ ಬಲ್ಬು. ಸುತ್ತಲಿನ ಜನರೆಲ್ಲ "ಓ..." ಅಂದರು. ಅಜ್ಜಿ ಕೈ ಮುಗಿದರು. ಮಕ್ಕಳಿಬ್ಬರೂ ಒಂದು ಚೂರು ನೋಡಿ, ಹುಲ್ಲಿನ ಮೇಲೆ ಕೂತು ಅದೇ ಬೆಳಕಿನಲ್ಲಿ ಮತ್ತೆ ಬೋರ್ಡು ಬಿಚ್ಚಿದರು.

ಸೋಮವಾರ

ಬೆಳಿಗ್ಗೆ ನಜರಬಾದಿನ ಮೈಲಾರಿಯಲ್ಲಿ ದೋಸೆ. ಎಷ್ಟು ಮೆತ್ತಗೆ ಅಂದರೆ ಬೆರಳು ತಾಗಿದರೆ ಹರಿಯುತ್ತದೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ. ಮಗಳು ಮೂರು ತಿಂದಳು. ಎಂಟರ ಒಳಗೆ ಹೋದರೆ ಕಾಯುವ ಕಷ್ಟ ಇಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಜಗನ್ಮೋಹನ ಅರಮನೆಗೆ ಹೋದೆವು. ಮಾಷ್ಟ್ರು ತಪ್ಪದೆ ನೋಡಿ ಬನ್ನಿ ಅಂದಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. ಎಲ್ಲರೂ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಲ್ಲುತ್ತಾರೆ. ನಾವೂ ನಿಂತೆವು. ಆದರೆ ಮಗಳು ಹುಡುಕಿಕೊಂಡು ಹೋದದ್ದು ಮುಮ್ಮಡಿಯವರ ಆಟಗಳನ್ನು.

1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಪುಸ್ತಕ, ಸಂಗೀತ, ಆಟಗಳಲ್ಲಿ ಮುಳುಗಿದ್ದರು. ಹೊಸ ಹೊಸ ಆಟದ ಹಾಸುಗಳನ್ನು ಮಾಡಿಸಿದರು. ಚದುರಂಗದ ಕುದುರೆಯ ಒಗಟು ಅವರಿಗೆ ಬಹಳ ಪ್ರೀತಿ. ಕುದುರೆ ತನ್ನ ನಡೆಯಲ್ಲೇ 64 ಮನೆಗಳಿಗೂ ಹೋಗಬೇಕು. ಒಂದು ಮನೆಯನ್ನೂ ಎರಡನೇ ಸಲ ಮುಟ್ಟಬಾರದು. ಹೋದ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ, ಅಡ್ಡ ಸಾಲು, ಉದ್ದ ಸಾಲು ಯಾವುದನ್ನು ಕೂಡಿದರೂ 260 ಬರುವಂಥ ದಾರಿಯನ್ನೂ ಅವರು ಕಂಡುಹಿಡಿದಿದ್ದರು. ಸಾವಿರ ವರ್ಷದ ಹಿಂದಿನ ಸಂಸ್ಕೃತ ಕವಿಗಳು ಕೂಡ ಈ ಕುದುರೆ ನಡೆಯಲ್ಲಿ ಅಕ್ಷರ ಜೋಡಿಸಿ ಶ್ಲೋಕ ಬರೆದಿದ್ದಾರೆ.

ಅಲ್ಲಿ ಮಗಳು ಬೆರಳಿನಿಂದ ಗಾಳಿಯಲ್ಲಿ ಕುದುರೆ ಓಡಿಸುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ಅದನ್ನು ನೋಡಿ ನಕ್ಕರು.

"ಕುದುರೆ ಸುತ್ತಾಟಾನಾ ಮಗು? ಮೂಲೆ ಮನೆ ಮರೀಬೇಡ. ನಡುವಿನ ಮನೆಗೆ ಎಂಟು ದಾರಿ ಇರತ್ತೆ. ಮೂಲೆಗೆ ಎರಡೇ. ಕೊನೇಗೆ ಅಂತ ಬಿಟ್ಟರೆ ಸಿಗಲ್ಲ."

ಸಯ್ಯಾಜಿರಾವ್ ರಸ್ತೆಯಲ್ಲಿ ಮಾಷ್ಟ್ರಿಗೆ ಅರ್ಧ ಕೆ.ಜಿ. ಮೈಸೂರು ಪಾಕ್ ಕಟ್ಟಿಸಿಕೊಂಡು ಒಂದು ಗಂಟೆಯ ಬಸ್ಸು ಹತ್ತಿದೆವು. ಮಗಳು ಗಣಿತ ಪುಸ್ತಕ ತೆರೆದು ಎಂಟು ಸಾಲು, ಎಂಟು ಕಂಬ ಗೆರೆ ಹಾಕಿದಳು. ಇಲವಾಲ ದಾಟುವಾಗ 47ಕ್ಕೆ ಸಿಕ್ಕಿಕೊಂಡಳು. ಅಳಿಸಿದಳು. ಹುಣಸೂರಿನಲ್ಲಿ 55. ಮಡಿಕೇರಿಯಲ್ಲಿ ಮಂಜು. ಕಿಟಕಿ ಮುಚ್ಚಿ, ಸ್ವೆಟರ್ ಹಾಕಿಸಿ, ಘಾಟಿ ಇಳಿಯುವಾಗ ಬರೆಯಬೇಡ ಅಂದೆ. ಪುಸ್ತಕ ಮುಚ್ಚಿ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿದಳು. ನಿದ್ದೆ ಬಂತು ಅಂದುಕೊಂಡೆ. ಬೆರಳುಗಳು ತೊಡೆಯ ಮೇಲೆ ಕುದುರೆ ನಡೆ ನಡೆಯುತ್ತಿದ್ದವು.

ಮದೆನಾಡಿನಲ್ಲಿ ಕಡಿದ ಮರದ ತುಂಡುಗಳು ರಸ್ತೆ ಬದಿಗೆ ಒಟ್ಟಿದ್ದವು. ಗೂಡಂಗಡಿಯ ಅಕ್ಕ ಬಸ್ಸಿಗೆ ಕೈ ಬೀಸಿದರು.

ಸಂಪಾಜೆ ಗೇಟಿನಲ್ಲಿ ಬಸ್ಸು ನಿಂತಿತು. ಅವಳು ಕಣ್ಣು ಬಿಟ್ಟು, ಪುಸ್ತಕ ತೆರೆದು ತಡೆಯಿಲ್ಲದೆ ಅಂಕಿ ತುಂಬಿಸಿದಳು. 58, 59, 60, 61. ಅಲ್ಲಿಂದ ದಾರಿ ಇರಲಿಲ್ಲ. ಉಳಿದ ಮೂರು ಮನೆಗಳಲ್ಲಿ ಒಂದು ಮೂಲೆಯದ್ದು.

"ಅಮ್ಮ, ಸ್ಕೇಲು ಎಲ್ಲಿ ಉಂಟು?" ಅಂದಳು. ಕೊಟ್ಟೆ. ಹೊಸ ಪುಟ ತಿರುಗಿಸಿ ಮೊದಲ ಗೆರೆ ಎಳೆದಳು.